ಬೆಕ್ಕಿನ ಕಣ್ಣೂ ಐರ್ಲೆಂಡಿನ ಬೀಗರೂ

ಮನೆಯಲ್ಲಿ ಒಬ್ಬರು ತೀರಿಕೊಂಡ ಮೇಲೆ ಏನೇನು ತೊಂದರೆಗಳು ಬರುತ್ತವೆ ಎಂದು ಹೇಳಿಕೊಡುವ ಜನರಿಗೆ ಕೊರತೆಯಿಲ್ಲ. ಅಡುಗೆಯ ತೊಂದರೆ, ಗಿರಣಿಗೆ ಜೋಳ ಒಯ್ಯುವ ತೊಂದರೆ, ಸಂಜೆ ಬಂದು ತಾನೇ ಬೀಗ ತೆಗೆಯುವ ತೊಂದರೆ. ಇವೆಲ್ಲ ಅವರು ಹೇಳಿದಂತೆಯೇ ಬಂದವು. ನಾನೂ ಸಾವಕಾಶವಾಗಿ ಅವುಗಳ ಜೊತೆ ಇರುವುದನ್ನು ಕಲಿತೆ. ಆದರೆ ಒಂದು ತೊಂದರೆಯನ್ನು ಮಾತ್ರ ಯಾರೂ ಹೇಳಿರಲಿಲ್ಲ. ತೀರಿಕೊಂಡವರ ಬಗ್ಗೆ ಹೊಸ ಸುದ್ದಿ ಬರುವುದು ನಿಂತುಹೋಗುತ್ತದೆ. ನನ್ನ ಹೆಂಡತಿ ಗಿರಿಜವ್ವ ಇದ್ದಾಗ ದಿನಾ ಸಂಜೆ ಅವಳದೇ ಒಂದು ವಾರ್ತೆ ಇರುತ್ತಿತ್ತು. ನಳದ ಹತ್ತಿರ ಯಾರಿಗೆ ಏನು ಅಂದಳು, ಕಾಯಿಪಲ್ಯದವನ ತಕ್ಕಡಿಯನ್ನು ಹೇಗೆ ಹಿಡಿದಳು, ಇಂಥವು. ಈಗ ಇರುವುದು ಹಳೆಯ ವಾರ್ತೆಗಳು ಮಾತ್ರ. ಮಾತಾಡಿಸಲು ಬಂದ ನೆಂಟರೆಲ್ಲ ಅವಳು ತನ್ನ ತವರೂರು ಅಸೂಟಿಯ ಬಸ್ಸನ್ನು ಹಿಂದಕ್ಕೆ ತಿರುಗಿಸಿದ ಕಥೆಯನ್ನೇ ಹೇಳುತ್ತಾರೆ. ಕಿಟಕಿಯಿಂದ ಚಪ್ಪಲಿ ಬಿದ್ದಿತ್ತು; ಡ್ರೈವರ್ ನಿಲ್ಲಿಸಲಿಲ್ಲ; ಇವಳು ಎದ್ದು ನಿಂತು ಮಾತಾಡಿದ ರೀತಿಗೆ ಅವನು ತಾನಾಗಿಯೇ ಬಸ್ಸು ಹಿಂದಕ್ಕೆ ಹೊಡೆದ. ಕಥೆ ಹೇಳುತ್ತ ಹೇಳುತ್ತ ಚಪ್ಪಲಿ ಹೋಗಿ ಛತ್ರಿಯಾಯಿತು, ಈಚೆಗೆ ಬೆಲ್ಲದ ಚೀಲವಾಗಿದೆ. ನಾನು ಆ ಬಸ್ಸಿನಲ್ಲೇ ಇದ್ದೆ. ಅದು ಚಪ್ಪಲಿಯೇ. ಅದೂ ಅವಳದಲ್ಲ, ನನ್ನದು.

ನನ್ನದು ರೋಣದಲ್ಲಿ ಒಂದು ಭಾಂಡೆ ಅಂಗಡಿ. ಕೊಡ, ತಂಬಿಗೆ, ಪರಾತ, ಮದುವೆಗೆ ಕೊಡುವ ಸಾಮಾನು. ಕೊಂಡವರ ಹೆಸರನ್ನು ಭಾಂಡೆಯ ಮೇಲೆ ಕೊರೆದುಕೊಡುವುದೂ ನನ್ನದೇ ಕೆಲಸ. ನಮಗೆ ಮಕ್ಕಳಾಗಲಿಲ್ಲ. ಆದ್ದರಿಂದ ಗಿರಿಜವ್ವ ಹೋದ ಮೇಲೆ ಮನೆಯೆಂದರೆ ನಾನೊಬ್ಬನೇ. ಹೀಗಿರುವಾಗ ಈ ವರ್ಷ ಹೆಳವ ಬರುವ ವರ್ಷವೆಂಬುದು ನೆನಪಾಗಿ ನನಗೆ ಒಳಗೊಳಗೇ ದಿಗಿಲು ಹತ್ತಿತ್ತು. ಹೆಳವನೆಂದರೆ ನಮ್ಮ ಕಡೆ ಮನೆತನಗಳ ವಂಶಾವಳಿ ಹೇಳುವವನು. ಕೆಲವು ವರ್ಷಗಳಿಗೊಮ್ಮೆ ಸುಗ್ಗಿ ಮುಗಿದ ಮೇಲೆ ಗಂಟೆ ಬಾರಿಸುತ್ತ ಬಂದು, ನಮ್ಮ ಕಟ್ಟೆಯ ಮೇಲೆ ಕೂತು, ಮುತ್ತಾತನ ಮುತ್ತಾತನಿಂದ ಹಿಡಿದು ಒಬ್ಬೊಬ್ಬರ ಹೆಸರನ್ನೂ ರಾಗವಾಗಿ ಹೇಳುತ್ತಾನೆ. ಕೊನೆಗೆ ಕೇಳುತ್ತಾನೆ: ‘ಹುಟ್ಟಿದವರು ಯಾರು? ಹೋದವರು ಯಾರು?’ ಮನೆಯವರು ಹೇಳಬೇಕು. ಊರಿಗೆಲ್ಲ ಗೊತ್ತಿದ್ದರೂ, ಅವನಿಗೇ ಗೊತ್ತಿದ್ದರೂ, ಮನೆಯವರ ಬಾಯಿಂದ ಬಾರದೆ ಅವನು ಯಾರನ್ನೂ ಹೋದವರ ಸಾಲಿಗೆ ಸೇರಿಸುವುದಿಲ್ಲ. ಅವಳು ಹೋದಳು ಎಂದು ನಾನು ಇದುವರೆಗೆ ಬಾಯಿಬಿಟ್ಟು ಯಾರಿಗೂ ಹೇಳಿದವನಲ್ಲ. ಹೇಳುವ ಪ್ರಸಂಗವೇ ಬರಲಿಲ್ಲ. ಎಲ್ಲರಿಗೂ ಮೊದಲೇ ಗೊತ್ತಿತ್ತು. ಈಗ ಹೆಳವನಿಗೆ ಹೇಳಬೇಕು. ಅವನು ಬರುವ ಹೊತ್ತಿಗೆ ಯಾವುದಾದರೂ ಊರಿಗೆ ಹೋಗಿಬಿಡಬೇಕೆಂದು ನಾನು ಮನಸ್ಸಿನಲ್ಲೇ ಹಂಚಿಕೆ ಹಾಕುತ್ತಿದ್ದೆ.

ಅಂಥ ದಿನಗಳಲ್ಲಿ ಶೈಲಾಳ ಫೋನು ಬಂತು. ಶೈಲಾ ಎಂದರೆ ಗಿರಿಜವ್ವನ ಅಕ್ಕನ ಮಗಳು. ಐರ್ಲೆಂಡ್ ಎಂಬ ದೇಶದಲ್ಲಿ, ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ನರ್ಸ್ ಆಗಿದ್ದಾಳೆ. ಚಿಗವ್ವ ಹೋದಾಗಿನಿಂದ ವಾರಕ್ಕೊಮ್ಮೆ ನನಗೆ ಫೋನು ಮಾಡಿ ‘ಉಂಡಿಯೇನು ಕಾಕಾ’ ಎಂದು ಕೇಳುತ್ತಾಳೆ. ಅಲ್ಲಿ ಮಳೆ ಎಂದು ಅವಳು ಹೇಳುತ್ತಾಳೆ, ಇಲ್ಲಿ ಬಿಸಿಲು ಎಂದು ನಾನು ಹೇಳುತ್ತೇನೆ, ಮಾತು ಮುಗಿಯುತ್ತದೆ. ಆ ದಿನ ಹಾಗಾಗಲಿಲ್ಲ.

‘ಕಾಕಾ, ಒಂದ ಕೆಲಸ ಆಗಬೇಕಾಗೇತಿ. ಇಲ್ಲೆ ನೋರಾ ಅಂತ ಒಬ್ಬಾಕಿ ಅಜ್ಜಿ ಅದಾಳ. ಎಂಬತ್ತು ದಾಟ್ಯಾವು. ನನ್ನ ಮಾರಿ ನೋಡಿದಾಕಿನ, ಈ ಕಣ್ಣ ನಮ್ಮ ಮನಿತನದ್ದು, ನೀ ಯಾರ ಪೈಕಿ ಅಂದ್ಲು.’

‘ಯಾರ ಪೈಕಿ ಅಂತ ಅವರೂ ಕೇಳತಾರೇನ?’

‘ಹೆಸರ ಕೇಳೂಕಿಂತ ಮೊದಲ ಅದನ್ನ ಕೇಳತಾರ ಕಾಕಾ. ಥೇಟ್ ನಮ್ಮ ರೋಣದ ಮಂದಿ. ನಾ ಗದಗ ಕಡಿಯಾಕಿ ಅಂದೆ. ಆಕಿ ಎದ್ದು ಕುಂತಳು.’

ವಿಷಯ ಹೀಗಿತ್ತು. ನೋರಾಳ ಅಜ್ಜನಿಗೆ ಟಾಮ್ ಡೋಲನ್ ಎಂಬ ತಮ್ಮನಿದ್ದ. ಗದಗಿನಿಂದ ನಮ್ಮ ಸೀಮೆಯ ಮೇಲೆ ಹಾಯ್ದು ಹೋಗುವ ರೈಲು ಹಳಿ ಹಾಕುವ ಕಾಲಕ್ಕೆ ಅವನು ಆ ಕೆಲಸಕ್ಕೆ ಬಂದ. ಬಂದವನು ತಿರುಗಿ ಹೋಗಲಿಲ್ಲ, ಸುದ್ದಿಯೂ ಹೋಗಲಿಲ್ಲ. ಗದಗ ಎಂಬ ಊರಿನ ಹೆಸರೊಂದು ಅವರ ಮನೆಯಲ್ಲಿ ಉಳಿದುಕೊಂಡಿತು. ಅವರಲ್ಲಿ ಒಂದು ಪದ್ಧತಿಯಿತ್ತಂತೆ: ಮಗ ಸಮುದ್ರ ದಾಟಿ ಹೋಗುತ್ತಾನೆಂದರೆ ಹಿಂದಿನ ದಿನ ಊರವರೆಲ್ಲ ಅವನ ಮನೆಯಲ್ಲಿ ಕೂಡುವುದು, ಸತ್ತವರ ಮುಂದೆ ಕೂತು ಅಳುವ ಹಾಗೆ, ಆ ಬದುಕಿರುವ ಮಗನನ್ನು ಮುಂದೆ ಕೂರಿಸಿಕೊಂಡು ಅತ್ತುಬಿಡುವುದು. ತಿರುಗಿ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಟಾಮನಿಗೂ ಹಾಗೆ ಮಾಡಿದರು. ಈಗ ನೋರಾಳಿಗೆ ಗೊತ್ತಾಗಬೇಕಾದದ್ದು ಒಂದೇ: ಅವನಿಗೆ ಇಲ್ಲಿ ಮನೆ, ಮಕ್ಕಳು ಆದರೋ ಇಲ್ಲವೋ. ‘ಅಂವ ಒಬ್ಬನ ಇದ್ದು ಸತ್ತನೋ, ಯಾರರ ಇದ್ದರೋ, ಅಷ್ಟ ಕೇಳು ಅಂತಾಳ ಕಾಕಾ,’ ಎಂದಳು ಶೈಲಾ.

ಫೋನು ಇಟ್ಟ ಮೇಲೆ ನಾನು ಬಹಳ ಹೊತ್ತು ಒಂದು ಪರಾತವನ್ನು ಒರೆಸುತ್ತ ಕೂತೆ. ಶೈಲಾಳ ಕಣ್ಣು ನಮ್ಮ ಕಡೆ ಬೆಕ್ಕಿನ ಕಣ್ಣು ಎನ್ನುತ್ತಾರಲ್ಲ, ಅಂಥದು. ಬೂದಿಯೂ ಅಲ್ಲ, ಹಸಿರೂ ಅಲ್ಲ. ಅದೇ ಕಣ್ಣು ಅವಳ ತಾಯಿಯದು. ಅದೇ ಕಣ್ಣು ಗಿರಿಜವ್ವನದು. ಮದುವೆಯಾದ ಹೊಸದರಲ್ಲಿ ಅವಳು ನೋಡಿದರೆ ನನಗೆ ಲೆಕ್ಕ ತಪ್ಪುತ್ತಿತ್ತು. ಆ ಕಣ್ಣು ಎಲ್ಲಿಂದ ಬಂತೆಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಮನೆಯಲ್ಲಿ ನಳ ಬರುತ್ತಿರುವಾಗ ನೀರು ಯಾವ ಕೆರೆಯದೆಂದು ಯಾರು ಕೇಳುತ್ತಾರೆ? ಈಗ ಕೇಳುವ ಮನಸ್ಸಾಯಿತು. ನಿಜ ಹೇಳಬೇಕೆಂದರೆ ಟಾಮನ ಚಿಂತೆ ನನಗೆ ಅಷ್ಟಾಗಿ ಇರಲಿಲ್ಲ. ಅವಳ ಬಗ್ಗೆ ಒಂದು ಹೊಸ ಸುದ್ದಿ ಸಿಗಬಹುದೆಂಬ ಆಸೆ, ಅಷ್ಟೇ.

ನನ್ನ ಅಂಗಡಿಯ ಪಕ್ಕದಲ್ಲಿ ಹುಸೇನಸಾಬನ ಅಂಗಡಿಯಿದೆ. ಗಜೇಂದ್ರಗಡದವನು. ಮೊದಲು ಹಿತ್ತಾಳೆ ಭಾಂಡೆಗೆ ಕಲಾಯಿ ಹಾಕುತ್ತಿದ್ದ. ಈಗ ಸ್ಟೀಲು ಬಂದು ಕಲಾಯಿ ಹೋಯಿತೆಂದು ಗ್ಯಾಸ್ ಒಲೆ ರಿಪೇರಿ ಮಾಡುತ್ತಾನೆ. ಅವನಿಗೆ ವಿಷಯ ಹೇಳಿದೆ.

‘ಈರಪ್ಪಣ್ಣ, ಅಂದರ ನಮ್ಮ ವೈನಿ ವಿಲಾಯ್ತಿ ಮಾಲು ಅಂತೀರೇನು?’

‘ಹಂಗಂತ ಯಾವಾಗ ಅಂದೆ?’

‘ಮತ್ತ ಇಷ್ಟ ವರ್ಷ ಖಾರಬ್ಯಾಳಿ ಹ್ಯಾಂಗ ಮಾಡಿದ್ರು?’

‘ಖಾರಬ್ಯಾಳಿಗೂ ಕಣ್ಣಿಗೂ ಏನ್ ಸಂಬಂಧೋ ಮಾರಾಯ?’

‘ತಿಂದಾಗ ನಿಮ್ಮ ಕಣ್ಣಾಗ ನೀರ ಬರತಿದ್ವಲ್ಲ, ಅದ ಸಂಬಂಧ,’ ಎಂದ. ಆಮೇಲೆ ಕೈಯಲ್ಲಿದ್ದ ಒಲೆ ಕೆಳಗಿಟ್ಟು, ‘ಹೋಗಿ ಬರ್ರಿ. ಅಂಗಡಿ ನಾ ನೋಡ್ಕೋತೀನಿ. ಕುಂತ ಕುಂತ ನೀವೂ ಷೋಕೇಸಿನ್ಯಾಗಿನ ಕೊಡ ಆಗೀರಿ,’ ಎಂದ.

ಮೊದಲು ಯಾವಗಲ್ ಎಂಬ ಊರಿಗೆ ಹೋದೆ. ಅಲ್ಲಿ ಚನ್ನವ್ವತ್ತೆ ಇದ್ದಾಳೆ. ಗಿರಿಜವ್ವನ ತಾಯಿಯ ತಂಗಿ. ಆ ಪೀಳಿಗೆಯ ಬೆಕ್ಕಿನ ಕಣ್ಣಿನವರಲ್ಲಿ ಉಳಿದವಳು ಅವಳೊಬ್ಬಳೇ. ಅಳಿಯನಾದ ನನಗೆ ಬಹುವಚನ ಕೊಡುವುದು ಅವಳ ಪದ್ಧತಿ. ಸಿಟ್ಟು ಬಂದಾಗ ಮಾತ್ರ ಕಸಿದುಕೊಳ್ಳುತ್ತಾಳೆ.

‘ಬರ್ರಿ ಅಳಿಯಂದ್ರ. ಏನ್ ಬಸ್ಸಿಗೆ ಬಂದ್ರಿ? ಸೊರಗೀರಿ ನೋಡ್ರಿ.’

ನಾನು ಮಳೆ, ಬೆಳೆ, ಎಮ್ಮೆ ಎಲ್ಲ ಮಾತಾಡಿ, ಕೊನೆಗೆ ಕೇಳಿದೆ. ‘ಅತ್ತಿ, ನಿಮ್ಮ ಈ ಕಣ್ಣ ಯಾರ ಕಡಿಂದ ಬಂದಾವು?’

‘ಕಣ್ಣ? ನಮ್ಮವ್ವನ ಕಡಿಂದ. ನಾ ಹುಟ್ಟಿದ್ದು ಪುರ್ತಗೇರಿ. ನಮ್ಮವ್ವ ನರಗುಂದದಾಕಿ.’

‘ಆಕಿ ಅವ್ವನ ಕಣ್ಣ?’

‘ಇವ ಅಂತಿದ್ರು. ಆಕಿ ಗಜೇಂದ್ರಗಡದಾಕಿ.’

‘ಆಕಿ ಅವ್ವ?’

‘ಅಕಿನ್ನ ನಾ ಏನ್ ಹೊಟ್ಟಿಯಾಗಿದ್ದ ನೋಡೀನೇನು? ಯಾಕ, ಇವತ್ತ ಕಣ್ಣಿನ ಡಾಕ್ಟರ್ ಆಗಿ ಬಂದೀರೇನು?’

ಆಗ ಎಲ್ಲ ಹೇಳಿದೆ. ಹೇಳುತ್ತ ಹೋದಂತೆ ಅವಳ ಮುಖ ಬದಲಾಯಿತು. ಬಹುವಚನ ಹೋಯಿತು. ‘ಏನಂದಿ? ನಮ್ಮ ಅವ್ವನ ತವರಮನಿಯಾಗ ಗೋರಾ ಮನಶ್ಯಾ ಹೊಕ್ಕಿದ್ದ ಅಂತೀ?’ ಎಂದು ಎದ್ದು ನಿಂತಳು. ನಾನು ಚಪ್ಪಲಿ ಎಲ್ಲಿದೆ ಎಂದು ನೋಡಿಕೊಂಡೆ. ಅಷ್ಟರಲ್ಲಿ ಏನು ಹೊಳೆಯಿತೋ, ಮತ್ತೆ ಕೂತಳು. ‘ಅಲ್ಲಾ, ನಮ್ಮ ಕಣ್ಣ ಅವರಿಗೆ ಯಾಕ ಹೋಗಿರಬಾರದು? ನಮ್ಮ ಪೈಕಿ ಯಾರರ ಅಲ್ಲೆ ಹೋಗಿರಬೇಕು. ಆ ಮುದಿಕಿಗೆ ಕೇಳ್ರಿ, ಆಕಿಗೆ ಜ್ವಾಳದ ರೊಟ್ಟಿ ಬಡಿಯಾಕ ಬರತೈತೇನು ಅಂತ.’

ಉಗುಳು ಪರೀಕ್ಷೆ ಮಾಡಿಸಿದರೆ ರಕ್ತಸಂಬಂಧ ತಿಳಿಯುತ್ತದೆ, ಬೇಕಾದರೆ ಸಣ್ಣ ನಳಿಗೆಯೊಂದನ್ನು ಕಳಿಸುತ್ತೇನೆ ಎಂದು ಶೈಲಾ ಹೇಳಿದ್ದಳು. ಅದನ್ನೂ ಅತ್ತೆಯ ಮುಂದಿಟ್ಟೆ. ‘ಎಲಿ ಅಡಿಕಿ ಹಾಕ್ಕೊಂಡ ಉಗುಳಿದ್ರ ನಡೀತೈತೇನು?’ ಎಂದು ಕೇಳಿದಳು. ನಡೆಯುವುದಿಲ್ಲ ಎಂದೆ. ‘ಹಂಗಾರ ಬ್ಯಾಡ,’ ಎಂದಳು. ವಿಜ್ಞಾನದ ದಾರಿ ಅಲ್ಲಿಗೆ ಮುಚ್ಚಿತು.

ಬರುವಾಗ ಬಸ್ಸಿನಲ್ಲಿ ಯೋಚನೆ ಮಾಡಿದೆ. ಗಿರಿಜವ್ವ ಅಸೂಟಿಯಿಂದ ರೋಣಕ್ಕೆ ಬಂದವಳು. ಅವಳ ತಾಯಿ ಪುರ್ತಗೇರಿಯಿಂದ ಅಸೂಟಿಗೆ. ಅವಳ ತಾಯಿ ನರಗುಂದದಿಂದ ಪುರ್ತಗೇರಿಗೆ. ಅವಳ ತಾಯಿ ಗಜೇಂದ್ರಗಡದಿಂದ ನರಗುಂದಕ್ಕೆ. ಒಬ್ಬಳಾದರೂ ಹುಟ್ಟಿದ ಊರಲ್ಲಿ ಉಳಿದಿದ್ದರೆ ಹೇಳಿ! ನಮ್ಮ ಸೀಮೆಯ ಗಂಡಸರು ನಾವು ಎಲ್ಲಿಗೂ ಹೋಗದೆ ಕೂತಿದ್ದೇವೆ; ನಮ್ಮ ಹೆಣ್ಣುಮಕ್ಕಳಷ್ಟೇ ಊರು ಬಿಟ್ಟು ಹೋದವರು. ಅವರನ್ನು ಕಳಿಸುವಾಗಲೂ ಗಾಡಿ ಹತ್ತಿಸಿ ಮನೆಮಂದಿಯೆಲ್ಲ ಸತ್ತವರಿಗೆ ಅಳುವ ಹಾಗೆ ಅಳುತ್ತಾರಲ್ಲ! ಇಷ್ಟು ವರ್ಷ ನಾನು ಆ ಪ್ರಯಾಣಕ್ಕೆ ಕೊಡ, ತಂಬಿಗೆ ಕಟ್ಟಿಕೊಟ್ಟು ಹೆಸರು ಕೊರೆಯುತ್ತ ಕೂತಿದ್ದವನು. ಕೊರೆದದ್ದೂ ತಂದೆಯ ಹೆಸರು, ಕಾಕನ ಹೆಸರು, ಸೋದರಮಾವನ ಹೆಸರು. ಹೋಗುವವಳ ಹೆಸರು ಕೊರೆಯಿರಿ ಎಂದವರು ಕಡಿಮೆ.

ಮುಂದಿನ ವಾರ ನರಗುಂದಕ್ಕೆ ಹೋದೆ. ಅಲ್ಲಿ ನನ್ನ ಪರಿಚಯದ ಭಾಂಡೆ ವ್ಯಾಪಾರಿಯೊಬ್ಬರಿದ್ದಾರೆ, ಮಲ್ಲಪ್ಪನವರು. ಬಿಳಿಯರ ಬಗ್ಗೆ ನರಗುಂದದಲ್ಲಿ ವಿಚಾರಿಸುವುದೆಂದರೆ ಸುಮ್ಮನೆ ಅಲ್ಲ. ಆ ಊರಿಗೂ ಬಿಳಿಯರಿಗೂ ಹಿಂದೆ ಆದದ್ದು ಗುಡ್ಡದ ಮೇಲಿನ ಕಲ್ಲಿಗೂ ಗೊತ್ತು. ನಾನು ‘ಒಬ್ಬ ಸಾಹೇಬ’ ಎಂದು ಬಾಯಿ ತೆಗೆಯುತ್ತಲೇ ಮಲ್ಲಪ್ಪನವರು ಮುಖ ಗಂಟು ಹಾಕಿದರು. ‘ಈರಪ್ಪನವರ, ಇಲ್ಲೆ ಅವರ ಸುದ್ದಿ ಹುಷಾರಲೇ ತಗೀರಿ.’

‘ಅಲ್ಲರಿ, ಇಂವ ಐರ್ಲೆಂಡಿನಂವ. ಅವರು ಬ್ಯಾರೆ. ಅವರಿಗೂ ಇಂಗ್ಲೀಷರಿಗೂ ಆಗಿಬರತಿರಲಿಲ್ಲಂತ. ಅವರ ದೇಶಾನೂ ಇಂಗ್ಲೀಷರ ಹಿಡದಿದ್ದರಂತ.’

‘ಹೌದು? ಬಡಿದಾಡಿದ್ರೇನು?’

‘ಭಾಳ ಬಡಿದಾಡ್ಯಾರಂತ.’

‘ಹಂಗಾರ ನಮ್ಮವರ ಅನ್ರಿ!’ ಎಂದವರೇ ಚಹಾ ತರಿಸಿದರು. ಕಣ್ಣಿನ ವಿಚಾರ ತೆಗೆದಾಗ ತಾವೇ ಮುಂದಾಗಿ ಬೆಕ್ಕಿನ ಕಣ್ಣಿನ ಹೆಣ್ಣುಮಕ್ಕಳು ಯಾವ ಯಾವ ಮನೆಯಲ್ಲಿದ್ದಾರೆಂದು ಹೇಳಿದರು. ಎರಡು ಮನೆಗೆ ಕರೆದುಕೊಂಡೂ ಹೋದರು. ಅಲ್ಲಿ ನಾನು ಹುಡುಗಿಯರ ಕಣ್ಣು ನೋಡಿದೆ, ಅವರ ತಾಯಿಯ ತವರು ಯಾವುದೆಂದು ಕೇಳಿದೆ. ಎಲ್ಲರೂ ಅವಲಕ್ಕಿ ಕೊಟ್ಟರು. ಅದು ಯಾಕೆ ಅಷ್ಟು ಆದರದಿಂದ ಕೊಟ್ಟರೆಂದು ಆಗ ನನಗೆ ತಿಳಿಯಲಿಲ್ಲ.

ಗಜೇಂದ್ರಗಡದಲ್ಲಿ ಸಂತೆಯ ದಿನ ಹೋಗಿ ನಿಂತೆ. ಸಂತೆಯಲ್ಲಿ ಜನರ ಕಣ್ಣು ನೋಡುತ್ತ ಹೋದರೆ ಎಷ್ಟು ಬಗೆಯ ಕಣ್ಣುಗಳಿವೆ ಎಂದು ಆಶ್ಚರ್ಯವಾಗುತ್ತದೆ. ಉಳ್ಳಾಗಡ್ಡಿ ಮಾರುವವಳೊಬ್ಬಳದು ಥೇಟ್ ಗಿರಿಜವ್ವನ ಕಣ್ಣು. ನಾನು ನೋಡುತ್ತ ನಿಂತುಬಿಟ್ಟೆ. ‘ಏನಜ್ಜಾ, ತೂಗಲ್ಯಾ?’ ಎಂದಳು. ತಲೆಯಾಡಿಸಿದೆ. ತೂಗಿಕೊಟ್ಟಳು. ಹೊತ್ತುಕೊಂಡು ಬಂದೆ. ಒಬ್ಬನೇ ಇರುವ ಮನೆಯಲ್ಲಿ ಅಷ್ಟು ಉಳ್ಳಾಗಡ್ಡಿ ಏನು ಮಾಡುತ್ತೀರಿ ಎಂದು ಹುಸೇನಸಾಬ ಕೇಳಿದಾಗ ಅರ್ಧ ಅವನಿಗೇ ಕೊಟ್ಟೆ.

ಗಂಡಾಂತರ ಬಂದದ್ದು ಆಮೇಲೆ. ಒಂದು ಬೆಳಿಗ್ಗೆ ಅಂಗಡಿಗೆ ಗೊತ್ತಿಲ್ಲದ ಒಬ್ಬರು ಬಂದು, ಟೋಪಿ ತೆಗೆದು ಕೂತು, ದನಿ ತಗ್ಗಿಸಿ, ‘ಬೆಕ್ಕಿನ ಕಣ್ಣಿಂದ ಬೇಕಂತಲ್ರಿ? ನಮ್ಮ ಸಂಬಂಧದಾಗ ಒಬ್ಬಾಕಿ ಅದಾಳ. ವಯಸ್ಸು ನಲವತ್ತರ ಮ್ಯಾಲೈತಿ, ಆದರ ಕಣ್ಣ ಫಸ್ಟ್ ಕ್ಲಾಸ್,’ ಎಂದರು. ನನಗೆ ಮೊದಲು ತಿಳಿಯಲೇ ಇಲ್ಲ. ತಿಳಿದಾಗ ಕೈಯಲ್ಲಿದ್ದ ತಂಬಿಗೆ ಬಿತ್ತು. ಹೆಂಡತಿ ತೀರಿದ ಗಂಡಸು ಊರೂರು ತಿರುಗಿ ಹೆಂಗಸರ ಕಣ್ಣು ನೋಡುತ್ತಾನೆ, ತಾಯಿಯ ತವರು ವಿಚಾರಿಸುತ್ತಾನೆ ಎಂದರೆ ನಮ್ಮ ಸೀಮೆಯಲ್ಲಿ ಅದಕ್ಕೆ ಇರುವುದು ಒಂದೇ ಅರ್ಥ. ಐರ್ಲೆಂಡಿನ ಮುದುಕಿಗಾಗಿ ತಿರುಗುತ್ತಿದ್ದೇನೆ ಎಂದರೆ ಇನ್ನೂ ಕೆಟ್ಟ ಅರ್ಥ. ‘ಅಷ್ಟ ದೂರದ್ದು ಯಾಕ್ರಿ? ಅದೂ ಎಂಬತ್ತು ವರ್ಷದಾಕಿ!’ ಎಂದು ಆ ಮನುಷ್ಯ ಮರುಕಪಟ್ಟ. ನರಗುಂದದ ಅವಲಕ್ಕಿಯ ರಹಸ್ಯ ಆಗ ತಿಳಿಯಿತು.

ಸುದ್ದಿ ಯಾವಗಲ್ಲಿಗೂ ಹೋಗಿತ್ತು. ಮರುದಿನ ಮೊದಲನೆಯ ಬಸ್ಸಿಗೇ ಚನ್ನವ್ವತ್ತೆ ಇಳಿದಳು. ಮನೆಯ ಬಾಗಿಲಲ್ಲಿ ನಿಂತು, ಓಣಿಗೆಲ್ಲ ಕೇಳುವಂತೆ, ‘ಈರಪ್ಪಾ, ನಮ್ಮ ಹುಡುಗಿ ಹೋಗಿ ಇನ್ನೂ ವರ್ಷ ಒಪ್ಪತ್ತು ಆಗಿಲ್ಲೋ! ಕಣ್ಣಿನ ಬಣ್ಣಾ ಆರಿಸಾಕ ಹತ್ತೀಯಂತಲ್ಲೋ!’ ಎಂದಳು.

ನಾನು ಒಳಗೆ ಕರೆದು ಚಹಾ ಮಾಡಿದೆ. ಚಹಾ ಕುಡಿದು, ‘ಸಕ್ರಿ ಹಾಕೇ ಇಲ್ಲ,’ ಎಂದಳು. ಡಬ್ಬಿ ಎಲ್ಲಿದೆ ಎಂದು ತೋರಿಸಿದೆ. ಆ ಡಬ್ಬಿಯಲ್ಲಿ ಉಪ್ಪಿತ್ತು. ಗಿರಿಜವ್ವನ ಕಾಲದಲ್ಲಿ ಇದ್ದಂತೆ ಯಾವುದೂ ಇರಲಿಲ್ಲ. ಅತ್ತೆ ಎದ್ದು ಒಂದೊಂದೇ ಡಬ್ಬಿ ತೆಗೆದು ನೋಡಿದಳು, ಮೂಲೆಯಲ್ಲಿ ಮೊಳಕೆ ಬಂದಿದ್ದ ಉಳ್ಳಾಗಡ್ಡಿ ನೋಡಿದಳು, ನನ್ನ ಕಡೆ ನೋಡಿದಳು. ಬಹುವಚನ ತಿರುಗಿ ಬಂತು. ‘ಎಂಟು ದಿನ ಇರತೀನಿ ತಗೋರಿ,’ ಎಂದಳು. ‘ಹೆಣ್ಣ ನೋಡೋ ಮನಶ್ಯಾನ ಮನಿ ಹಿಂಗ ಇರಂಗಿಲ್ಲ. ನನಗ ಗೊತ್ತಾತು.’

ಹೀಗೆ ಅವಳು ಇದ್ದದ್ದರಿಂದ, ಹೆಳವ ಬಂದ ದಿನ ನಾನು ಊರು ಬಿಟ್ಟು ಓಡಿಹೋಗುವುದು ಆಗಲಿಲ್ಲ.

ನಮ್ಮ ಹೆಳವನ ಹೆಸರು ಸಿದ್ದಪ್ಪ. ಮೊದಲು ಎತ್ತಿನ ಮೇಲೆ ಬರುತ್ತಿದ್ದ; ಈಗ ಮೋಟರ್ ಸೈಕಲ್ಲಿನ ಮೇಲೆ ಬರುತ್ತಾನೆ, ಎತ್ತಿನ ಗಂಟೆಯನ್ನು ಹ್ಯಾಂಡಲ್ಲಿಗೆ ಕಟ್ಟಿದ್ದಾನೆ. ಕಿವಿ ಸ್ವಲ್ಪ ಮಂದ. ಅಭಿಮಾನ ಬಹಳ. ಕಟ್ಟೆಯ ಮೇಲೆ ಕೂತು ಸುರುಮಾಡಿದ. ನಮ್ಮ ಮನೆತನದ ಮೂಲಪುರುಷ ಕಲ್ಯಾಣದಿಂದ ಕುದುರೆ ಏರಿ ಬಂದವನು. ಹುಲಿಯ ಮೀಸೆ ಕಿತ್ತವನು. ಸಿದ್ದಪ್ಪ ಹೇಳುವ ಎಲ್ಲ ಮನೆತನಗಳ ಮೂಲಪುರುಷರೂ ಕಲ್ಯಾಣದಿಂದ ಕುದುರೆ ಏರಿ ಬಂದವರೇ. ಅಷ್ಟು ಕುದುರೆ ಹೊರಟ ಮೇಲೆ ಕಲ್ಯಾಣದಲ್ಲಿ ನಡೆದುಹೋಗುವವರು ಮಾತ್ರ ಉಳಿದಿರಬೇಕು. ರಾಗ ಏರಿತು, ಇಳಿಯಿತು, ಮುತ್ತಾತ ಬಂದ, ಅಜ್ಜ ಬಂದ, ಅಪ್ಪ ಬಂದ. ‘ಅವರ ಮಗ ಈರಪ್ಪ, ಆತನ ಹೇಣ್ತಿ ಅಸೂಟಿ ಬಾವಿಕಟ್ಟಿಯವರ ಮಗಳು ಗಿರಿಜವ್ವ, ಅದಾರ,’ ಎಂದು ನಿಲ್ಲಿಸಿದ. ‘ಅದಾರ’ ಎಂಬ ಮಾತು ಕೇಳಿ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ಸಿದ್ದಪ್ಪನಿಗೆ ಗೊತ್ತಿತ್ತು. ಅತ್ತೆಯ ಮುಖ ನೋಡಿದವರಿಗೂ ತಿಳಿಯುತ್ತಿತ್ತು. ಆದರೂ ಪದ್ಧತಿಯಂತೆ ಕೇಳಿದ. ‘ಹುಟ್ಟಿದವರು ಯಾರು? ಹೋದವರು ಯಾರು?’

ನಾನು, ‘ಅದು ಇರಲಿ ಹೆಳವಪ್ಪಾರ, ಟಾಮ್ ಡೋಲನ್ ಅಂತ ಒಬ್ಬಾಂವ ಇದ್ದ, ಅಂವನ ಸುದ್ದಿ ಏನರ ಗೊತ್ತೈತೇನು?’ ಎಂದೆ.

ಸಿದ್ದಪ್ಪ ನನ್ನ ಮುಖ ನೋಡಿದ. ಇಲ್ಲ ಎನ್ನುವುದು ಅವನ ಸ್ವಭಾವದಲ್ಲಿಲ್ಲ. ಎಲ್ಲ ಕೇಳಿಸಿಕೊಂಡು, ‘ಹೆಣ್ಣ ಕಡಿಂದ ಬಂದ ಸಂಬಂಧಾ ನಮಗ ಸಿಗಂಗಿಲ್ಲರಿ. ಹೆಣ್ಣ ಕೊಟ್ಟ ಊರ ತನಕ ನಂದು. ಆಚಿಕಡೆ ಆ ಊರ ಹೆಳವಂದು,’ ಎಂದ. ಆಮೇಲೆ, ‘ಅಂವಗ ಮನಿ ಇರಬೇಕಲ್ಲ? ಮನಿಯವರು ಇದ್ದರ ಹೇಳಲಿ. ನಾ ವಂಶಾವಳಿ ಕಟ್ಟತೀನಿ,’ ಎಂದ.

ಮಧ್ಯಾಹ್ನವಾಗಿತ್ತು, ಅಲ್ಲಿ ಅವರಿಗೆ ಬೆಳಗಿನ ಚಹದ ಹೊತ್ತು. ಶೈಲಾಳಿಗೆ ವಿಡಿಯೋ ಫೋನು ಮಾಡಿದೆ. ಬಿಳಿಯ ಕೂದಲಿನ, ಹೂವಿನ ಶಾಲು ಹೊದ್ದ ಒಬ್ಬ ಅಜ್ಜಿ ಕಾಣಿಸಿದಳು. ಅತ್ತೆ ಫೋನನ್ನು ನನ್ನ ಕೈಯಿಂದ ಕಸಿದುಕೊಂಡು ತನ್ನ ಕಣ್ಣಿಗೆ ಹಿಡಿದಳು. ಅತ್ತ ನೋರಾಳೂ ಹಾಗೇ ಮಾಡಿದಳು. ಇಬ್ಬರಿಗೂ ಕಂಡದ್ದು ಒಬ್ಬರಿಗೊಬ್ಬರ ಹುಬ್ಬು ಮಾತ್ರ. ದೂರ ಹಿಡಿಯಲು ಹೇಳಿದಾಗ ಪೊರೆ ತೆಗೆಸಿದ ನಾಲ್ಕು ಕಣ್ಣುಗಳು ಮಿಟುಕಿಸುತ್ತ ನೋಡಿಕೊಂಡವು. ಬೆಳಕಿಗೆ ಬಣ್ಣವೇ ತಿಳಿಯಲಿಲ್ಲ. ‘ನಮ್ಮಂಥಾವ ಅದಾವ ನೋಡ್ರಿ,’ ಎಂದಳು ಅತ್ತೆ. ಅಲ್ಲಿ ನೋರಾ ಏನೋ ಅಂದಳು. ‘ಆಕಿನೂ ಹಂಗ ಅಂತಾಳ ಅಜ್ಜಿ,’ ಎಂದಳು ಶೈಲಾ. ನಾನು ಊರೂರು ತಿರುಗಿ ಕಂಡುಹಿಡಿಯಲಾಗದ್ದು ಹೀಗೆ ಇಬ್ಬರು ಮುದುಕಿಯರ ನಡುವೆ ಇತ್ಯರ್ಥವಾಯಿತು. ಅದು ಖರೆಯೋ ಸುಳ್ಳೋ ನನಗೆ ಈಗಲೂ ಗೊತ್ತಿಲ್ಲ.

ಸಿದ್ದಪ್ಪ ನೋರಾಳ ತಂದೆ, ಅಜ್ಜ, ಅಜ್ಜನ ತಂದೆಯ ಹೆಸರು ಕೇಳಿಕೊಂಡ. ಗಂಟೆ ಬಾರಿಸಿ ರಾಗ ಎತ್ತಿದ. ಡೋಲನ್ ಮನೆತ‌ನದವರು ಕಲ್ಯಾಣದಿಂದ ಕುದುರೆ ಏರಿ ಬಂದವರು ಎಂದ.

‘ಹೆಳವಪ್ಪಾರ, ಅವರು ಐರ್ಲೆಂಡಿನವರು,’ ಎಂದೆ.

‘ಸುರುವಾತಿಗೆ ಅದ ಇರಬೇಕ್ರಿ. ಇಲ್ಲಂದರ ಮುಂದ ನಡಿಯಂಗಿಲ್ಲ.’

ಶೈಲಾ ಅದನ್ನು ಹೇಳಿದಳು. ನೋರಾ ಬಹಳ ಸಂತೋಷದಿಂದ ಒಪ್ಪಿದಳಂತೆ; ಕುದುರೆ ಇದ್ದದ್ದು ತನಗೆ ಮೊದಲೇ ಅನುಮಾನವಿತ್ತು ಎಂದಳಂತೆ. ಸಿದ್ದಪ್ಪ ಹೇಳುತ್ತ ಹೇಳುತ್ತ ಟಾಮನವರೆಗೆ ಬಂದು ನಿಂತ. ‘ಟಾಮಪ್ಪ, ಊರ ಬಿಟ್ಟ, ರೋಣ ಸೀಮಿಗೆ ಬಂದ, ಅದಾನ.’

‘ಅದಾನ ಅಂದರ?’ ಎಂದಳು ಅತ್ತೆ. ‘ನೂರು ವರ್ಷದ ಮ್ಯಾಲಾತಲ್ಲೋ!’

‘ಮನಿಯವರು ಹೇಳೂತನಕ ನಮ್ಮ ಬಾಯಾಗ ಯಾರೂ ಸಾಯಂಗಿಲ್ಲ ಯವ್ವಾ.’

ಶೈಲಾ ಇದನ್ನೂ ಹೇಳಿದಳು. ನೋರಾ ಚಹದ ಕಪ್ಪು ಪಕ್ಕಕ್ಕೆ ಸರಿಸಿದಳು. ಶಾಲು ಸರಿಮಾಡಿಕೊಂಡಳು. ಆಮೇಲೆ ನಿಧಾನವಾಗಿ ಏನೋ ಹೇಳಿದಳು. ಶೈಲಾಳ ದನಿ ಸಣ್ಣದಾಯಿತು. ‘ಕಾಕಾ, ಆಕಿ ಅಂತಾಳ, ಅಂವ ಹೊಂಟಾಗ ನಮ್ಮ ಮನಿಯಾಗ ಅಳೂದು ಮುಗದೈತಿ. ಮಕ್ಕಳ ಇದ್ದರೋ ಇಲ್ಲೋ ನನಗ ತಿಳೀಲಿಲ್ಲ, ಇರಲಿ. ಈ ಮನಿತನದಾಗ ನಾ ಒಬ್ಬಾಕಿನ ಉಳದೀನಿ, ನಾ ಹೇಳದಿದ್ದರ ಇನ್ನ ಯಾರೂ ಹೇಳಂಗಿಲ್ಲ. ಅಂವ ಹೋದ ಅಂತ ಹೇಳ್ರಿ.’

‘ಟಾಮಪ್ಪ ರೋಣ ಸೀಮಿಯೊಳಗ ಮಣ್ಣಾದ,’ ಎಂದು ಸಿದ್ದಪ್ಪ ಗಂಟೆ ಬಾರಿಸಿದ. ಫೋನಿನಲ್ಲಿ ನೋರಾ ಹಣೆ, ಎದೆ ಮುಟ್ಟಿಕೊಂಡಳು. ಅತ್ತೆ, ಕಂಡರಿಯದ ಆ ಟಾಮನಿಗಾಗಿ, ತನ್ನ ತವರಿನವನೇ ಹೋದ ಹಾಗೆ ಒಂದು ಸಲ ಮೂಗು ಒರೆಸಿಕೊಂಡಳು.

ಸಿದ್ದಪ್ಪ ನನ್ನ ಕಡೆ ತಿರುಗಿದ. ಕೇಳಲಿಲ್ಲ, ಕಾದ. ಅತ್ತೆ, ‘ನಾ ಹೇಳತೀನಿ ತಗೋ ಹೆಳವಪ್ಪಾ, ನನ್ನ ಅಕ್ಕನ ಮಗಳ ಅಕಿ,’ ಎಂದಳು. ‘ನೀವು ತವರಮನಿ ಕಡಿಯವರು,’ ಎಂದ ಅವನು. ‘ಈ ಮನಿಯವರು ಹೇಳಬೇಕು.’ ಅಲ್ಲಿ ಒಬ್ಬಳು ಮುದುಕಿ, ತಾನು ಕಾಣದ ಒಬ್ಬನಿಗಾಗಿ, ಅಷ್ಟು ದೂರದಿಂದ ಹೇಳಿ ಮುಗಿಸಿದ್ದಳು. ನಾನು ಹೇಳಿದೆ.

‘ಗಿರಿಜವ್ವ ಹೋದಳ್ರಿ.’

‘ಏನಂದ್ರಿ? ಕೇಳಲಿಲ್ಲರಿ,’ ಎಂದ ಸಿದ್ದಪ್ಪ, ಕೈಯನ್ನು ಕಿವಿಗೆ ಒತ್ತಿಕೊಂಡು.

ಅವಳು ತೀರಿಕೊಂಡ ದಿನದಿಂದ ಬಾಯಿಗೆ ಬಾರದಿದ್ದ ಮಾತನ್ನು ನಾನು ಎರಡನೆಯ ಸಲ, ಓಣಿಯ ಆ ತುದಿಯವರೆಗೆ ಕೇಳುವಂತೆ ಕೂಗಿ ಹೇಳಬೇಕಾಯಿತು. ಎದುರು ಮನೆಯವರು ಕಿಟಕಿ ತೆಗೆದು ನೋಡಿದರು. ಫೋನಿನೊಳಗೆ ಶೈಲಾ ಅಳುತ್ತಿದ್ದಳು. ಸಿದ್ದಪ್ಪ ಕಣ್ಣು ಮುಚ್ಚಿ ಮತ್ತೆ ರಾಗ ಎತ್ತಿದ. ‘ಅಸೂಟಿ ಬಾವಿಕಟ್ಟಿಯವರ ಮಗಳು ಗಿರಿಜವ್ವ, ರೋಣಕ್ಕ ಬಂದಾಕಿ, ಮನಿ ಬೆಳಗಿದಾಕಿ, ಹೋದಳು. ಆಕಿ ಗಂಡ ಈರಪ್ಪ...’ ಇಲ್ಲಿ ಒಂದು ಕಣ್ಣು ತೆರೆದು ನನ್ನನ್ನು ತಲೆಯಿಂದ ಕಾಲಿನವರೆಗೆ ಪರೀಕ್ಷಿಸಿದ. ‘ಅದಾನ!’ ಎಂದು ಗಂಟೆ ಬಾರಿಸಿದ.

ನಾನು ಇದ್ದೇನೆ ಎಂದು ಹೀಗೆ ಗಂಟೆ ಹೊಡೆದು ಯಾರೂ ಹೇಳಿರಲಿಲ್ಲ. ನನಗೇ ಅದರಲ್ಲಿ ಅನುಮಾನ ಬಂದು ಕೆಲವು ತಿಂಗಳಾಗಿದ್ದವು. ಸಿದ್ದಪ್ಪನಿಗೆ ಅಂಗಡಿಯ ಒಂದು ತಾಮ್ರದ ಕೊಡ ಕೊಟ್ಟೆ; ಅವನು ತಳ ಬಡಿದು ನೋಡಿ, ಇನ್ನೂ ದಪ್ಪದ್ದು ಬೇಕೆಂದ, ಕೊಟ್ಟೆ. ಅವನು ಹೋದ ಮೇಲೆ ಒಂದು ವಿಚಾರ ಹೊಳೆದು ಗಾಬರಿಯಾಯಿತು. ಮನೆಯವರು ಹೇಳುವವರೆಗೆ ಅವನ ಬಾಯಲ್ಲಿ ಯಾರೂ ಸಾಯುವುದಿಲ್ಲ. ಈ ಮನೆಯಲ್ಲಿ ಈಗ ಇರುವವನು ನಾನೊಬ್ಬನೇ. ಯಾರ ಸುದ್ದಿ ಬೇಕಾದರೂ ಹೇಳಬಲ್ಲೆ, ನನ್ನದೊಂದನ್ನು ಬಿಟ್ಟು. ಅಂದರೆ ಇನ್ನು ಮುಂದೆ, ಸಿದ್ದಪ್ಪನ ಮಗ, ಮೊಮ್ಮಗ ಬಂದರೂ, ಅವರ ರಾಗದಲ್ಲಿ ಈರಪ್ಪ ‘ಅದಾನ’!

ಇದನ್ನು ಹುಸೇನಸಾಬನಿಗೆ ಹೇಳಿದೆ. ಅವನು ಕೈಯಲ್ಲಿದ್ದ ಒಲೆಯ ಬರ್ನರ್ ಊದಿ, ನನ್ನನ್ನೊಮ್ಮೆ ನೋಡಿ, ‘ಹಂಗಾರ ಲಗೂ ಅಂಗಡಿ ಬಾಗಲಾ ತಗೀರಿ ಈರಪ್ಪಣ್ಣ,’ ಎಂದ. ‘ಸಾಯಂಗಿಲ್ಲ ಅಂದ ಮ್ಯಾಲೆ ಹೊಟ್ಟಿಗೆ ಏನರ ಹಾಕಬೇಕಲ್ಲ!’